ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಭಿನ್ನಾಭಿಪ್ರಾಯ ಬಂದಾಗ ಮಾತಾಡುವ ಬಗೆ

ಮೊದಲು ಒಂದು ಹಾಳೆ ತೆಗೆದುಕೊಂಡು ವಿವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಯಾರ ಹೆಸರೂ ಬರಬಾರದು. “ಅವರಿಗೆ ಅಹಂಕಾರ” ಎಂದು ಬರೆದರೆ ಅದು ಬರೀ ಸಿಟ್ಟು. “ಭಾನುವಾರ ಕೆಲಸಕ್ಕೆ ಹೋಗುವವರಿಗೆ ಸಭೆಯಲ್ಲಿ ಜವಾಬ್ದಾರಿ ಕೊಡಬಹುದೇ?” ಎಂದರೆ ಅದು ವಿವಾದ. ಹೀಗೆ ಬರೆಯಲು ಆಗದಿದ್ದರೆ ಒಂದು ದಿನ ತಡೆಯಿರಿ.

ಬರೆದದ್ದು ಯಾವ ಬಗೆಯದು ನೋಡಿ. ತ್ರಿಯೇಕ ದೇವರು (ತಂದೆ, ಮಗ, ಪವಿತ್ರಾತ್ಮ), ಕ್ರಿಸ್ತನ ದೈವತ್ವ, ಶಿಲುಬೆ, ಪುನರುತ್ಥಾನ ಇವು ತಳಪಾಯ. ಕ್ರಿ.ಶ. 325ರಲ್ಲಿ ನೈಸಿಯದಲ್ಲೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಬಿಷಪರು ಕೂಡಿ ವಿಶ್ವಾಸಪ್ರಮಾಣಕ್ಕೆ, ಅಂದರೆ ನಂಬಿಕೆಯ ಸಾರವನ್ನು ಹೇಳುವ ಪಾಠಕ್ಕೆ, ಇಳಿಸಿದ ಮಾತುಗಳು. ಶಿಶುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡಬೇಕೇ ಎಂಬಂಥವು ಸಭಾಕ್ರಮದ ಪ್ರಶ್ನೆಗಳು. ಉಡುಪು, ಸಿನಿಮಾ, ಹಾಡಿನ ಶೈಲಿ, ಮಕ್ಕಳ ಕೈಗೆ ಫೋನ್ ಇವೆಲ್ಲ ಬಹುಪಾಲು ಮನಸ್ಸಾಕ್ಷಿಗೆ ಬಿಟ್ಟವು. ನಮ್ಮ ಸಭೆಗಳಲ್ಲಿ ಹೆಚ್ಚು ಜಗಳ ಹುಟ್ಟುವುದು ಈ ಮೂರನೆಯದರಿಂದ, ಆದರೆ ಮಾತಿನ ಕಾವು ಮಾತ್ರ ಮೊದಲನೆಯದರಷ್ಟು ಏರಿರುತ್ತದೆ.

ಮೂರನೆಯ ಬಗೆಯದಾದರೆ ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಇಬ್ಬರೂ ಓದಿಕೊಂಡು ಬನ್ನಿ. ಅಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯ ಮಾತ್ರ. ಪೌಲ ಎರಡು ಕಡೆಯವರಿಗೂ ಒಂದೇ ಮಾತು ಹೇಳಲಿಲ್ಲ. ತಿನ್ನುವವನು ತಿನ್ನದವನನ್ನು ಹೀನೈಸಬಾರದು. ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ತಾತ್ಸಾರ ಒಬ್ಬರ ರೋಗ, ತೀರ್ಪು ಇನ್ನೊಬ್ಬರದು. ನಿಮ್ಮದು ಯಾವುದೆಂದು ಗುರುತಿಸಿಕೊಂಡೇ ಹೋಗಿ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ತಮಗೆ ಇಷ್ಟವಾಗದ್ದನ್ನೆಲ್ಲ ಕೆಲವರು “ನನಗೆ ಇದರಿಂದ ಎಡವು” ಎನ್ನುತ್ತಾರೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ಕುರಿತು ಪೌಲ ಬರೆದ 1 ಕೊರಿಂಥ 8ರಲ್ಲಿ ಎಡವುವವನು ಇನ್ನೊಬ್ಬನನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ತಾನೂ ಹಾಗೆಯೇ ಮಾಡುವವನು. ಅಂಥವನಿಗಾಗಿ ಮಾಂಸವನ್ನೇ ಬಿಡಲು ಪೌಲ ಸಿದ್ಧನಿದ್ದ, ನಾವೂ ಬಿಡಬೇಕು. ಬರೀ ಬೇಸರಕ್ಕೆ ಆ ಹೆಸರು ಕೊಟ್ಟರೆ ಸಭೆಯಲ್ಲಿ ಅತಿ ಹೆಚ್ಚು ಗೊಣಗುವವರ ಮಾತೇ ನಿಯಮವಾಗುತ್ತದೆ. ಆದರೆ ಊಟದ ವಿಷಯದಲ್ಲೇ ಅಂತಿಯೋಕ್ಯದಲ್ಲಿ ಪೌಲ ಅಪೊಸ್ತಲ ಪೇತ್ರನನ್ನು ಎಲ್ಲರೆದುರು ಎದುರಿಸಿದ. ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳೊಂದಿಗೆ ಊಟಕ್ಕೆ ಕೂರದೆ ಪೇತ್ರ ಹಿಂದೆ ಸರಿದಾಗ ಸುವಾರ್ತೆಯೇ ಬಾಗಿತ್ತು, ಹಾಗಾಗಿ ಅದು ತಳಪಾಯದ ಪ್ರಶ್ನೆಯಾಯಿತು.

ಈಗ ಭೇಟಿಗೆ ಬನ್ನಿ. ಮತ್ತಾಯ 18ರ ಕ್ರಮ ಪಾಪದ ವಿಷಯಕ್ಕೆ ಕೊಟ್ಟದ್ದು. ಮೊದಲು ಒಬ್ಬರೇ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಮೇಲೆ ಸಭೆಗೆ. ಅಭಿಪ್ರಾಯಭೇದಕ್ಕೂ ಮೊದಲ ಹೆಜ್ಜೆ ಸಾಕಷ್ಟು ಕೆಲಸ ಮಾಡುತ್ತದೆ. ಫೋನಿನಲ್ಲಿ ಸಮಯ ಮಾತ್ರ ಗೊತ್ತುಮಾಡಿಕೊಳ್ಳಿ: “ಒಂದು ವಿಷಯ ಮಾತಾಡಬೇಕಿತ್ತು, ಯಾವಾಗ ಬರಲಿ?” ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲೂ ಬೇಡ, ಅಲ್ಲಿ ಮಾತಾಡುವವರು ಎದುರಿನವರಿಗಿಂತ ನೋಡುವವರಿಗಾಗಿಯೇ ಬರೆಯತೊಡಗುತ್ತಾರೆ. “ಆ ಸಹೋದರರಿಗಾಗಿ ಪ್ರಾರ್ಥಿಸಿ” ಎಂದು ವಿವರ ಸಮೇತ ಹರಡುವುದೂ ಚಾಡಿಯೇ.

ಕುಳಿತ ಮೇಲೆ ಮೊದಲು ಅವರ ನಿಲುವನ್ನು ನಿಮ್ಮ ಬಾಯಲ್ಲಿ ಹೇಳಿ. “ಹೌದು, ನಾನು ಹೇಳಿದ್ದು ಅದೇ” ಎಂದು ಅವರು ಅನ್ನುವ ತನಕ ನಿಮ್ಮ ವಾದ ಶುರುಮಾಡಬೇಡಿ. ಒಂದು ಗಂಟೆ ಸಾಕು. ದಣಿದ ಮೇಲೆ ಆಡಿದ ಮಾತುಗಳೇ ಹೆಚ್ಚು ಗಾಯ ಮಾಡುತ್ತವೆ. ಸಾಕ್ಷಿಗಳನ್ನು ಕರೆದೊಯ್ಯುವ ಹಂತ ಬಂದರೆ ಇಬ್ಬರೂ ನಿಮ್ಮ ಕಡೆಯವರೇ ಆಗಬಾರದು.

ಒಂದು ವಿನಾಯಿತಿಯನ್ನು ಯಾವ ಸಭೆಯೂ ಮರೆಯಬಾರದು. ಮಗುವಿನ ಮೇಲಿನ ದೌರ್ಜನ್ಯ, ಮನೆಯೊಳಗಿನ ಹೊಡೆತ, ಲೈಂಗಿಕ ಕಿರುಕುಳ ಇದ್ದಲ್ಲಿ ನೊಂದವರನ್ನು “ಒಬ್ಬರೇ ಹೋಗಿ ಮಾತಾಡಿ” ಎಂದು ಕಳಿಸುವುದು ಕ್ರೌರ್ಯ. ಅಲ್ಲಿ ಮೊದಲು ರಕ್ಷಣೆ, ಕೂಡಲೇ ಪೊಲೀಸರು.

ಇಡೀ ಸಭೆ ಕೂಡಬೇಕಾದಾಗ ಅಪೊಸ್ತಲರ ಕೃತ್ಯಗಳು 15 ಒಳ್ಳೆಯ ಮಾದರಿ. ಅನ್ಯಜನರಿಂದ ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬುದರ ಮೇಲೆ ಬಹಳ ವಾದವಾಯಿತು, ಪೇತ್ರ ಮಾತಾಡಿದ, ಬಾರ್ನಬ ಮತ್ತು ಪೌಲ ಕಂಡದ್ದನ್ನು ವಿವರಿಸಿದರು, ಯಾಕೋಬ ಶಾಸ್ತ್ರವಚನದೊಂದಿಗೆ ತೀರ್ಮಾನದ ಮಾತಾಡಿದ. ತೀರ್ಮಾನವನ್ನು ಚಿಕ್ಕ ಪತ್ರವಾಗಿ ಬರೆದು, ಬಾಯಿಮಾತಿನಲ್ಲೂ ತಿಳಿಸಲು ಬಾರ್ಸಬನೆಂಬ ಯೂದನನ್ನೂ ಸೀಲನನ್ನೂ ಜೊತೆಗೆ ಕಳಿಸಿದರು. ಬರೆಯದ ತೀರ್ಮಾನವನ್ನು ವಾರ ಕಳೆಯುವಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

ಬರೆಯುವ ಬಗೆಗೂ ಒಂದು ಮಾದರಿಯಿದೆ. ಮನುಷ್ಯರು ದೇವರ ಮುಂದೆ ನೀತಿವಂತರೆಂದು ಎಣಿಸಲ್ಪಡುವುದರ ಕುರಿತು ಲೂಥರನ್ನರೂ ಕ್ಯಾಥೊಲಿಕರೂ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ ಜಂಟಿ ಘೋಷಣೆಯಲ್ಲಿ, ಒಂದೊಂದು ವಿಷಯಕ್ಕೂ ಮೊದಲು “ನಾವು ಒಟ್ಟಾಗಿ ಒಪ್ಪುವುದು” ಬರುತ್ತದೆ. ಆಮೇಲೆ ಒಂದೊಂದು ಕಡೆಯವರ ಒತ್ತು ಪ್ರತ್ಯೇಕವಾಗಿ. ನಿಮ್ಮ ಹಾಳೆಯನ್ನೂ ಹೀಗೆ ಮೂರು ಭಾಗ ಮಾಡಿ. ಮೊದಲ ಭಾಗ ತುಂಬಿದಷ್ಟೂ ಉಳಿದದ್ದರ ಭಾರ ಇಳಿಯುತ್ತದೆ.

ಇಷ್ಟಾದರೂ ಒಮ್ಮತ ಬಾರದಿರಬಹುದು. ಅದೇ 15ನೇ ಅಧ್ಯಾಯದ ಕೊನೆಯಲ್ಲಿ ಹಿಂದಿನ ಪ್ರಯಾಣದಲ್ಲಿ ತಮ್ಮನ್ನು ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯಬೇಕೇ ಎಂಬ ವಿಷಯಕ್ಕೆ ಪೌಲನೂ ಬಾರ್ನಬನೂ ತೀಕ್ಷ್ಣವಾಗಿ ಜಗಳವಾಡಿ ಬೇರೆಯಾದರು. ಮುಂದೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂಬ ಮಾತಿದೆ. ಸಭೆ ಬಿಟ್ಟು ಹೋಗಲೇಬೇಕಾದರೆ ಮತ್ತೆ ಕೂಡುವ ಆ ಬಾಗಿಲು ತೆರೆದಿಡಿ: ಲೆಕ್ಕಪುಸ್ತಕ, ಬೀಗದ ಕೈ ಒಪ್ಪಿಸಿ, ನಿಮ್ಮ ಹಿಂದೆ ಜನರನ್ನು ಸೆಳೆಯಬೇಡಿ, ಸಭಾಪಾಲಕರಿಗೆ ಮುಖಾಮುಖಿ ಹೇಳಿ ಹೊರಡಿ.