ಬೊಲಿವಿಯಾದಲ್ಲಿ ಕಳೆದುಹೋದ ಒಂದು ಗಂಟೆ

ಪೆರುವಿನ ಪುನೊದಿಂದ ಹೊರಟ ಬಸ್ಸು ಗಡಿಯಲ್ಲಿ ನಿಂತಿತು. ಕಂಡಕ್ಟರ್ ಎಲ್ಲರನ್ನೂ ಕೆಳಗಿಳಿಸಿ ಒಂದು ಬೆರಳು ಎತ್ತಿ, ‘ಊನಾ ಓರಾ ಮಾಸ್’ ಅಂದ. ಒಂದು ಗಂಟೆ ಜಾಸ್ತಿ. ಎರಡು ವಾರ ಪೆರು ಸುತ್ತಿ ಅಷ್ಟು ಸ್ಪ್ಯಾನಿಷ್ ನನಗೆ ಬರುತ್ತಿತ್ತು. ‘ಇನ್ನೂ ಒಂದು ಗಂಟೆ ಕಾಯಬೇಕಂತೆ’ ಅಂತ ಗಂಡನಿಗೆ ಹೇಳಿದೆ. ಅವನು ಬ್ಯಾಗಿನಿಂದ ಕಡಲೆಕಾಯಿ ಪೊಟ್ಟಣ ತೆಗೆದ.

ಆದರೆ ಕಾಯುವ ಕೆಲಸವೇ ಬರಲಿಲ್ಲ. ಪೆರುವಿನ ಕಚೇರಿಯಲ್ಲಿ ಒಂದು ಮುದ್ರೆ ಹಾಕಿಸಿಕೊಂಡೆವು. ಏರು ರಸ್ತೆಯಲ್ಲಿ ನಡೆದು ಕಲ್ಲಿನ ಕಮಾನು ದಾಟಿದರೆ ಕಸಾನಿ. ಅಲ್ಲಿ ಬೊಲಿವಿಯಾದ ಮುದ್ರೆ. ವೀಸಾವನ್ನು ಕುಸ್ಕೊದ ಕಾನ್ಸುಲೇಟಿನಲ್ಲಿ ಮುಂಚೆಯೇ ಮಾಡಿಸಿದ್ದರಿಂದ ಹತ್ತು ನಿಮಿಷದ ಕೆಲಸ. ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಕೈಯಲ್ಲೇ ಹಿಡಿದು ನಿಂತಿದ್ದೆ, ಯಾರೂ ಕೇಳಲಿಲ್ಲ. (ಆದರೂ ಜೋಪಾನ. ಈ ದೇಶಗಳಿಂದ ಭಾರತಕ್ಕೆ ವಾಪಸ್ ಬರುವಾಗ ಬೇಕಾಗುತ್ತದೆ.) ಬೇಗ ಮುಗಿಯಿತಲ್ಲ ಅಂತ ಖುಷಿಯಾಗಿ ಬಸ್ಸು ಹತ್ತಿದೆವು. ಕಂಡಕ್ಟರ್ ಹೇಳಿದ್ದು ಮರೆತೇ ಹೋಯಿತು. ಇದು 2018ರ ಜೂನ್ ತಿಂಗಳ ಮಾತು.

ಗಡಿಯಿಂದ ಸ್ವಲ್ಪ ದೂರಕ್ಕೇ ಕೊಪಕಬಾನ. ಈ ಹೆಸರು ಕೇಳಿದರೆ ಎಲ್ಲರಿಗೂ ರಿಯೋದ ಬೀಚು ನೆನಪಾಗುತ್ತದೆ, ಅಲ್ವಾ? ಆದರೆ ಮೂಲ ಊರು ಇದು. ಇಲ್ಲಿನ ಮೇರಿಯಮ್ಮನ ಹೆಸರಿನಲ್ಲಿ ರಿಯೋದಲ್ಲೊಂದು ಚಿಕ್ಕ ಗುಡಿ ಕಟ್ಟಿದರು, ಅದರಿಂದ ಆ ಬೀಚಿಗೆ ಹೆಸರು ಬಂತು. ಇಲ್ಲಿರುವುದು ಸಮುದ್ರವಲ್ಲ, ಟಿಟಿಕಾಕಾ ಸರೋವರ. ಎತ್ತರ 3,812 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟ ಹಾಗೆ.

ಮೊದಲ ಸಂಜೆ ಚಿಲ್ಲರೆಗೇ ಹೋಯಿತು. ಆಗ ಒಂದು ಬೊಲಿವಿಯಾನೊ ಅಂದರೆ ಹೆಚ್ಚುಕಡಿಮೆ 10 ರೂಪಾಯಿ. ಲೆಕ್ಕ ಸುಲಭ, ಆದರೆ ಎಟಿಎಂ ಕೊಡುವುದು 100ರ ನೋಟು. ನೀರಿನ ಬಾಟಲಿಗೆ ಅದನ್ನು ಚಾಚಿದರೆ ಅಂಗಡಿಯಾಕೆ ನೋಟನ್ನೂ ನಮ್ಮನ್ನೂ ಒಂದೇ ಥರ ನೋಡಿ, ‘ನೋ ಆಯ್ ಕಾಂಬಿಯೊ’ ಅಂದಳು. ಚಿಲ್ಲರೆ ಇಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ನಮ್ಮ ಬಸ್ ಕಂಡಕ್ಟರುಗಳೇ ವಾಸಿ ಅನ್ನಿಸಿತು. ನೋಟು ಮುರಿಸಲಿಕ್ಕೆಂದೇ ಊಟಕ್ಕೆ ಹೋದೆವು.

ನಾನು ಸಸ್ಯಾಹಾರಿ. ‘ಸಿನ್ ಕಾರ್ನೆ’, ಮಾಂಸ ಹಾಕದ್ದು, ಅಂತ ಕೇಳಿದರೆ ಕೋಳಿ ತಂದಿಡುತ್ತಾರೆ ಅನ್ನುವುದನ್ನು ಪೆರುವಿನಲ್ಲೇ ಕಲಿತಿದ್ದೆ. ಅವರ ಲೆಕ್ಕದಲ್ಲಿ ಕೋಳಿ ಮಾಂಸವಲ್ಲ. ಹಾಗಾಗಿ ದನ, ಕೋಳಿ, ಮೀನು ಅಂತ ಒಂದೊಂದನ್ನೂ ಹೆಸರು ಹಿಡಿದು ಬೇಡ ಅಂದೆ. ಕಿನ್ವಾ ಸೂಪು ಬಂತು, ಬೇಯಿಸಿದ ಆಲೂಗಡ್ಡೆ ಬಂತು. ಪಕ್ಕದ ಬಟ್ಟಲಿನಲ್ಲಿ ಕೆಂಪಗೆ ಲ್ಯಾಹ್ವಾ ಅನ್ನುವ ಚಟ್ನಿ ಬಂತು. ಟೊಮೆಟೊ, ಉಪ್ಪು, ಒಂದು ಬಗೆಯ ಘಮದ ಸೊಪ್ಪು, ಲೊಕೋಟೊ ಅನ್ನುವ ದಪ್ಪ ಮೆಣಸಿನಕಾಯಿ. ಅದರ ಬೀಜ ಕಪ್ಪು. ಒಂದು ಚಮಚ ಬಾಯಿಗಿಟ್ಟ ಕೂಡಲೇ ಗಂಡ, ‘ಇದು ಮಿಕ್ಸಿಯದಲ್ಲ’ ಅಂದ. ಅಡುಗೆಮನೆ ಬಾಗಿಲಲ್ಲಿ ಇಣುಕಿದೆ. ಚಪ್ಪಟೆ ಕಲ್ಲಿನ ಮೇಲೆ ಅರ್ಧಚಂದ್ರದಂಥ ಗುಂಡುಕಲ್ಲು. ಅದನ್ನು ಎಳೆದು ಅರೆಯುವುದಿಲ್ಲ, ತೊಟ್ಟಿಲಿನ ಹಾಗೆ ಆಚೆ ಈಚೆ ತೂಗುತ್ತಾರೆ. ಬತಾನ್ ಅಂತ ಹೆಸರು. ನಾನು ಅಲ್ಲೇ ನಿಂತದ್ದು ನೋಡಿ ಆ ಅಜ್ಜಿ ಕಲ್ಲನ್ನು ನನ್ನ ಕೈಗೇ ಕೊಟ್ಟಳು. ನಾಲ್ಕು ಸಲ ತೂಗಿದೆ. ಅಷ್ಟಕ್ಕೇ ಉಸಿರು ಮೇಲೆ ಬಂತು. ಎತ್ತರದ ಊರು.

ಮಾರನೇ ದಿನ ಭಾನುವಾರ. ಎಂಟೂವರೆ ದೋಣಿಗೆ ಇಸ್ಲಾ ದೆಲ್ ಸೋಲ್, ಅಂದರೆ ಸೂರ್ಯದ್ವೀಪಕ್ಕೆ ಹೋಗುವ ಯೋಚನೆ. ಎಂಟೂ ಕಾಲಿಗೆ ದಡದಲ್ಲಿದ್ದೆವು. ದೋಣಿ ಇಲ್ಲ, ಜನ ಇಲ್ಲ, ಒಂದು ನಾಯಿ ಮಾತ್ರ. ಟಿಕೆಟ್ ಮಾರುವಾಕೆ ತನ್ನ ಗೋಡೆ ಗಡಿಯಾರ ತೋರಿಸಿದಳು. ಒಂಬತ್ತೂ ಕಾಲು! ಬೊಲಿವಿಯಾ ಪೆರುಗಿಂತ ಒಂದು ಗಂಟೆ ಮುಂದೆ. ಆ ಕಂಡಕ್ಟರ್ ಹೇಳಿದ್ದು ಅದನ್ನೇ. ನಮ್ಮ ಫೋನಿಗೆ ಹೊಸ ಸಿಮ್ ಹಾಕಿರಲಿಲ್ಲ, ಪಾಪ, ಅದು ಇನ್ನೂ ಪೆರುವಿನಲ್ಲೇ ಇತ್ತು. ಮುಂದಿನ ದೋಣಿ ಮಧ್ಯಾಹ್ನ ಒಂದೂವರೆಗೆ.

ನನ್ನ ಸ್ಪ್ಯಾನಿಷ್ ಬಗ್ಗೆ ಗಂಡ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಸುಮ್ನೆ ಊರೊಳಗೆ ನಡೆದೆವು. ದೊಡ್ಡ ಬಿಳಿ ಚರ್ಚಿನ ಮುಂದೆ ಕಾರು, ವ್ಯಾನು, ಒಂದು ಲಾರಿ ಸಾಲಾಗಿ ನಿಂತಿದ್ದವು. ಬಾನೆಟ್ಟಿನ ಮೇಲೆ ಹೂವಿನ ಹಾರ, ಬಣ್ಣದ ರಿಬ್ಬನ್ನು. ಒಂದು ಕಾರಿನ ನೆತ್ತಿಗೆ ಮದುಮಗನ ಹಾಗೆ ಕಪ್ಪು ಟೋಪಿ ಬೇರೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಮ್ಮ ಆಯುಧಪೂಜೆ! ಕುಂಬಳಕಾಯಿ, ನಿಂಬೆಹಣ್ಣು ಇಲ್ಲ, ಅಷ್ಟೇ. ಪಾದ್ರಿ ಬಂದು ಬಕೆಟ್ಟಿನ ನೀರಿಗೆ ಕುಂಚ ಅದ್ದಿ ಇಂಜಿನ್ನಿಗೆ, ಸ್ಟೀರಿಂಗಿಗೆ, ಕೊನೆಗೆ ಮನೆಮಂದಿಯ ತಲೆಗೂ ಚಿಮುಕಿಸಿದರು. ಅವರು ಅತ್ತ ಹೋದ ಮೇಲೆ ಇತ್ತ ಇನ್ನೊಂದು ಪೂಜೆ. ದುಂಡು ಟೋಪಿ, ನೆರಿಗೆ ಲಂಗದ ಹೆಂಗಸೊಬ್ಬಳು ಬಿಯರ್ ಬಾಟಲಿ ಅಲ್ಲಾಡಿಸಿ ನಾಲ್ಕೂ ಚಕ್ರಕ್ಕೆ ನೊರೆ ಹಾರಿಸಿದಳು. ನೆಲಕ್ಕೂ ಒಂದಿಷ್ಟು ಸುರಿದಳು. ಅದು ಪಚಮಾಮಾಳ ಪಾಲು, ಭೂಮಿತಾಯಿಗೆ. ಆಮೇಲೆ ಪಟಾಕಿ. ಚರ್ಚಿನೊಳಗಿನ ಮೇರಿಯಮ್ಮನನ್ನು ಕೆತ್ತಿದವನು ಫ್ರಾನ್ಸಿಸ್ಕೊ ತಿತೊ ಯುಪಾಂಕಿ. ಇಲ್ಲಿಯ ಮೂಲನಿವಾಸಿ, ಕಾಲ 1580ರ ದಶಕ. ವ್ಯಾನಿನವರು ನಮಗೂ ಒಂದು ಹಿಡಿ ಹೂವಿನ ಎಸಳು ಕೊಟ್ಟರು. ಎಲ್ಲಿ ಹಾಕಬೇಕು ಅಂತ ತಿಳಿಯದೆ ನಾವು ಬ್ಯಾಕ್‌ಪ್ಯಾಕುಗಳ ಮೇಲೆ ಹಾಕಿಕೊಂಡೆವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದೂವರೆ ದೋಣಿಗೆ ಒಂದು ಗಂಟೆ ಮುಂಚೆಯೇ ಹೋಗಿ ಕೂತೆವು.

ದ್ವೀಪದ ಉತ್ತರ ಭಾಗ ಆಗ ಮುಚ್ಚಿತ್ತು. ಹಳ್ಳಿಗಳ ನಡುವೆ ಜಗಳ. ದೋಣಿ ದಕ್ಷಿಣಕ್ಕೆ ಮಾತ್ರ. ಇಳಿದ ಕೂಡಲೇ ಇಂಕಾಗಳ ಮೆಟ್ಟಿಲು. ಇನ್ನೂರು ಮೆಟ್ಟಿಲೇನು ಮಹಾ, ಚಾಮುಂಡಿ ಬೆಟ್ಟವನ್ನೇ ಹತ್ತಿದವರು ಅಂದುಕೊಂಡೆವು. ಇಪ್ಪತ್ತಕ್ಕೊಮ್ಮೆ ನಿಂತೆವು. ಆಮೇಲೆ ಹತ್ತಕ್ಕೊಮ್ಮೆ. ದ್ವೀಪದಲ್ಲಿ ವಾಹನ ಇಲ್ಲ, ಸಾಮಾನು ಹೊರುವುದು ಕತ್ತೆಗಳು. ಅವು ನಮ್ಮನ್ನು ದಾಟಿ ಹೋದವು. ಇಂಕಾಗಳ ಮೊದಲ ದಂಪತಿ, ಮಾಂಕೊ ಕಾಪಾಕ್ ಮತ್ತು ಮಾಮಾ ಓಕ್ಲೊ, ಇಲ್ಲಿಂದಲೇ ಹೊರಟರಂತೆ. ಅವರು ಇಳಿದುಕೊಂಡು ಹೋದವರು, ಬಿಡಿ. ರಾತ್ರಿ ಚಳಿಗೆ ಮೂರು ಕಂಬಳಿ, ಅದರೊಳಗೆ ಜಾಕೆಟ್ಟು. ಬೆಳಿಗ್ಗೆ ಕಣ್ಣು ಬಿಟ್ಟರೆ ನೀರಿನ ಆಚೆ ಇಲ್ಯಾಂಪು ಹಿಮಶಿಖರ. ಕೋಕಾ ಎಲೆ ಚಹಾ ಕುಡಿಯುತ್ತಾ ಇಬ್ಬರೂ ಮಾತಿಲ್ಲದೆ ಕೂತೆವು. ಈ ಸಲ ಸಿಟ್ಟಿನಿಂದಲ್ಲ.

ವಾಪಸ್ ಬಂದು ಲಾ ಪಾಜ್ ಬಸ್ಸು ಹಿಡಿದೆವು. ತಿಕಿನಾ ಅನ್ನುವ ಕಡೆ ಸರೋವರ ಕಿರಿದಾಗುತ್ತದೆ, ಸೇತುವೆ ಇಲ್ಲ. ಎಲ್ಲರನ್ನೂ ಇಳಿಸಿದರು. ನಮ್ಮ ಬ್ಯಾಗು ಹೊತ್ತ ಬಸ್ಸು ಹಲಗೆಯ ತೆಪ್ಪದ ಮೇಲೆ ತೂಗಾಡುತ್ತಾ ಹೊರಟಿತು. ದಡದಲ್ಲಿ ನೌಕಾಪಡೆಯ ಸಮವಸ್ತ್ರದವರು. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿಗೆ ಕಡಲತೀರ ಸೋತ ದೇಶ ನೌಕಾಪಡೆಯನ್ನು ಮಾತ್ರ ಬಿಟ್ಟಿಲ್ಲ. ನಾವು ಚಿಕ್ಕ ದೋಣಿಯ ಸಾಲಿನಲ್ಲಿ ನಿಂತೆವು. ಟಿಕೆಟ್ ತಲಾ 2 ಬೊಲಿವಿಯಾನೊ. ನಮ್ಮ ಮುಂದಿದ್ದ ಪ್ರವಾಸಿ 100ರ ನೋಟು ಚಾಚಿದ.

‘ನೋ ಆಯ್ ಕಾಂಬಿಯೊ.’

ಗಂಡ ಜೇಬಿನಿಂದ ಎರಡರ ಮೂರು ನಾಣ್ಯ ತೆಗೆದು ಇಟ್ಟ. ಆ ಪ್ರವಾಸಿಯದೂ ಸೇರಿಸಿ, ಆರು.