ಅಮ್ಮನ ದರಪಟ್ಟಿಯ ಪಕ್ಕದಲ್ಲಿ ನನ್ನದು

ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಎಂಟನೇ ವಯಸ್ಸಿನಿಂದಲೇ ನಾನು ಹಾಸನದ ಆಸ್ಪತ್ರೆ, ಬ್ಯಾಂಕು, ಪಡಿತರ ಅಂಗಡಿಗಳಲ್ಲಿ ಅವರ ಕಿವಿಯೂ ಬಾಯಿಯೂ ಆಗಿದ್ದೆ. ಆದ್ದರಿಂದ ಸಂಜ್ಞಾ ಭಾಷೆಯ ಅನುವಾದದ ಈ ಕೆಲಸಕ್ಕೆ ಹಣ ಕೇಳಲು ಬಹಳ ದಿನ ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲಿ ಡಿಪ್ಲೊಮಾ ಮುಗಿಸಿ 2019ರಲ್ಲಿ ಊರಿಗೆ ಮರಳಿದಾಗಲೂ ಆ ಸಂಕೋಚ ನನ್ನ ಜೊತೆಗೇ ಬಂದಿತ್ತು.

ಮೊದಲ ಕೆಲಸ ಒಂದು ಇಲಾಖೆಯ ಸಮಾವೇಶ. ಮೂರು ಗಂಟೆ ಒಬ್ಬಳೇ ವೇದಿಕೆಯ ಮೂಲೆಯಲ್ಲಿ ನಿಂತು ಎಲ್ಲ ಭಾಷಣಗಳನ್ನೂ ಸಂಜ್ಞೆಗೆ ತಂದೆ. ಕೊನೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ನಿರೂಪಕರಿಗೆ ವೋಚರ್ ಸಿದ್ಧವಾಗಿತ್ತು. ನನ್ನದು ಎಲ್ಲಿ ಎಂದು ಕೇಳಿದ್ದಕ್ಕೆ, "ಮೇಡಂ, ನಿಮ್ಮದು ಸೇವೆಯಲ್ಲವೇ?" ಎಂದರು. ಬಸ್ ಚಾರ್ಜು ನಾನೇ ಹಾಕಿಕೊಂಡು ಮನೆಗೆ ಬಂದೆ.

ಆ ಡಿಸೆಂಬರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಅಂಗವಿಕಲರ ದಿನಾಚರಣೆಯ ತಿಂಗಳಾದ್ದರಿಂದ ಕರೆಗಳು ಹೆಚ್ಚು. ಮನೆ ಬಿಟ್ಟ ಹೊತ್ತು, ಕಾದ ಹೊತ್ತು, ಮರಳಿದ ಹೊತ್ತು, ಬಸ್ಸಿಗೆ ಕೊಟ್ಟದ್ದು, ಕೈಗೆ ಬಂದದ್ದು ಎಂದು ಗೆರೆ ಎಳೆದು ಬರೆಯುತ್ತಾ ಹೋದೆ. ಅರಸೀಕೆರೆ, ಬೇಲೂರು, ಸಕಲೇಶಪುರ ಸೇರಿ ಹನ್ನೊಂದು ಕೆಲಸಗಳಾದವು. ಬಂದದ್ದು 4,200 ರೂಪಾಯಿ, ಬಸ್ಸಿಗೆ ಹೋದದ್ದು 1,160. ಮನೆಯಿಂದ ಮನೆಗೆ ಒಟ್ಟು 46 ಗಂಟೆ. ಗಂಟೆಗೆ 66 ರೂಪಾಯಿ ದಕ್ಕಿತ್ತು.

ಲೆಕ್ಕವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಹೊಲಿಗೆ ಮಾಡುತ್ತಾಳೆ. ಸಾದಾ ಬ್ಲೌಸಿಗೆ ಇಷ್ಟು, ಲೈನಿಂಗ್ ಹಾಕಿದರೆ ಇಷ್ಟು, ಎರಡು ದಿನದಲ್ಲಿ ಬೇಕೆಂದರೆ ಇಷ್ಟು ಎಂದು ಬರೆದು ಗೋಡೆಗೆ ಅಂಟಿಸಿದ್ದಾಳೆ. ಅದರತ್ತ ಬೆರಳು ತೋರಿಸಿ, ನಿನ್ನದು ಎಲ್ಲಿ ಎಂದು ಸಂಜ್ಞೆಯಲ್ಲಿ ಕೇಳಿದಳು. ಆ ರಾತ್ರಿಯೇ ನನ್ನ ದರಪಟ್ಟಿ ಬರೆದೆ.

ಗಂಟೆಯ ದರ ಇಡಲಿಲ್ಲ. ಸಕಲೇಶಪುರದಲ್ಲಿ ಒಂದು ಗಂಟೆಯ ಕೆಲಸವೆಂದರೂ ದಿನದ ಅರ್ಧ ಹೋಗುತ್ತದೆ. ಅರ್ಧ ದಿನ, ಪೂರ್ತಿ ದಿನ ಎಂದು ಎರಡೇ ದರ. ಕಾಯಿಸಿದ ಹೊತ್ತೂ ಕೆಲಸದ ಹೊತ್ತೇ. ಹಿಂದಿನ ದಿನ ರದ್ದು ಮಾಡಿದರೆ ಅರ್ಧ ಹಣ. ಒಂದು ಗಂಟೆ ಮೀರುವ ಕಾರ್ಯಕ್ರಮಕ್ಕೆ ಇಬ್ಬರು ಅನುವಾದಕರು. ಇದಕ್ಕೇ ಎಲ್ಲರೂ ತಕರಾರು ಮಾಡುವುದು. ಭಾರತೀಯ ಸಂಜ್ಞಾ ಭಾಷೆ ಕನ್ನಡವನ್ನು ಕೈಯಲ್ಲಿ ಬರೆದಂತಲ್ಲ, ಅದಕ್ಕೆ ಅದರದೇ ವ್ಯಾಕರಣವಿದೆ. ಹಿಂದಿನ ವಾಕ್ಯವನ್ನು ಕೈಯಿಂದ, ಮುಖದಿಂದ ಹೇಳುತ್ತಿರುವಾಗಲೇ ಮುಂದಿನದಕ್ಕೆ ಕಿವಿ ಕೊಟ್ಟಿರಬೇಕು. ಇಪ್ಪತ್ತು, ಮೂವತ್ತು ನಿಮಿಷ ಕಳೆದ ಮೇಲೆ ಕೈ ಆಡುತ್ತಲೇ ಇರುತ್ತದೆ, ಅರ್ಥ ಜಾರತೊಡಗುತ್ತದೆ. ಏನು ಜಾರಿತೆಂದು ತಿಳಿಯುವ ದಾರಿ ಎದುರು ಕುಳಿತವರಿಗೆ ಇರುವುದಿಲ್ಲ. ಆದ್ದರಿಂದ ಈ ಒಂದು ಷರತ್ತನ್ನು ನಾನು ಯಾರಿಗಾಗಿಯೂ ಸಡಿಲಿಸುವುದಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಒಬ್ಬ ಅಧಿಕಾರಿ, "ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ಪ್ರಯಾಣದ ಹಣ ಏಕೆ?" ಎಂದು ಕೇಳಿದರು. ಅಂದಿನಿಂದ ಬಿಲ್ಲಿನಲ್ಲಿ ಪ್ರಯಾಣ ಭತ್ಯೆಯ ಜಾಗದಲ್ಲಿ "ಪ್ರಯಾಣದ ಸಮಯ" ಎಂದು ಬರೆಯುತ್ತೇನೆ. ಟಿಕೆಟ್ ಉಚಿತವಾಗಿರಬಹುದು, ದಾರಿಯ ಮೂರು ಗಂಟೆ ನನ್ನದು.

ದರಕ್ಕಿಂತ ಕಷ್ಟವಾದದ್ದು, ಹಣ ಯಾರು ಕೊಡಬೇಕು ಎಂಬುದು. ಮೊದಲ ಎರಡು ವರ್ಷ ಕಿವುಡರಿಂದಲೇ ಇನ್ನೂರು, ಮುನ್ನೂರು ತೆಗೆದುಕೊಳ್ಳುತ್ತಿದ್ದೆ. ಒಮ್ಮೆ ಕಾಫಿ ತೋಟದ ಕೆಲಸದ ಹೆಂಗಸೊಬ್ಬರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ವೈದ್ಯರ ಮಾತು ತಿಳಿಯಲು ಅವರು ಸೆರಗಿನ ಗಂಟು ಬಿಚ್ಚಿ ನನಗೆ ಹಣ ಕೊಟ್ಟರು. ಕಿವಿ ಕೇಳುವ ಯಾರೂ ವೈದ್ಯರ ಮಾತಿಗೆ ಹೀಗೆ ಬೇರೆ ಹಣ ತೆರುವುದಿಲ್ಲ. ಆ ಹಣ ತೆಗೆದುಕೊಂಡದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆಸ್ಪತ್ರೆ, ಠಾಣೆ, ಬ್ಯಾಂಕು, ಕೋರ್ಟು ಎಂದರೆ ಕಿವುಡರಿಂದ ಒಂದು ರೂಪಾಯಿಯೂ ಬೇಡ ಎಂದು ನಿರ್ಧರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿ ಸಂಸ್ಥೆಗೇ ಪತ್ರ ಬರೆಯುತ್ತೇನೆ, ಬಿಲ್ಲನ್ನೂ ಅವರಿಗೇ ಕೊಡುತ್ತೇನೆ. ಕೆಲವರು ಕೊಡುತ್ತಾರೆ, ಹಲವರು ಕೊಡುವುದಿಲ್ಲ. ತಿಂಗಳಿಗೆ ನಾಲ್ಕು ಕೆಲಸಗಳನ್ನು ನಾನಾಗಿಯೇ ಉಚಿತವಾಗಿ ಮಾಡುತ್ತೇನೆ. ಆಗಲೂ ಪೂರ್ತಿ ಮೊತ್ತದ ಬಿಲ್ಲು ಬರೆದು, ಕೆಳಗೆ "ಈ ಬಾರಿ ರಿಯಾಯಿತಿ" ಎಂದು ಸೇರಿಸುತ್ತೇನೆ. ಮುಂದಿನ ಸಲ "ಇದಕ್ಕೆ ಹಣ ಕೊಡುವ ಪದ್ಧತಿಯೇ ಇಲ್ಲ" ಎನ್ನಲು ಅವರಿಗೆ ಆಗಬಾರದು.

ನನ್ನ ಚೀಲದಲ್ಲಿ ಸದಾ ಇರುವ ಇನ್ನೊಂದು ಕಾಗದ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ 2020ರ ಪೋಕ್ಸೊ ನಿಯಮಗಳ 5ನೇ ನಿಯಮ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಅನುವಾದಕರ ಪಟ್ಟಿ ಇಡಬೇಕು, ಅವರಿಗೆ ಶುಲ್ಕ ಸಲ್ಲಬೇಕು, ಆ ಶುಲ್ಕ ಕನಿಷ್ಠ ವೇತನ ಕಾಯ್ದೆಯಡಿ ಕುಶಲ ಕಾರ್ಮಿಕರಿಗೆ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಇರಕೂಡದು ಎಂದು ಅದರಲ್ಲಿದೆ. ಮಗುವೊಂದರ ಅತಿ ನೋವಿನ ಮಾತನ್ನು ತಪ್ಪಿಲ್ಲದೆ ದಾಟಿಸುವ ಕೆಲಸಕ್ಕೆ ಅದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ. ಆದರೂ ಅಚ್ಚಾದ ಆ ಸಾಲನ್ನು ಮೇಜಿನ ಮೇಲಿಟ್ಟಾಗ ಮಾತಿನ ಧಾಟಿ ಬದಲಾಗುವುದನ್ನು ನೋಡಿದ್ದೇನೆ.

ಇಷ್ಟಾದರೂ ಅನೇಕ ಕಚೇರಿಗಳು ಕಿವುಡ ಮಕ್ಕಳ ಶಾಲೆಯ ಶಿಕ್ಷಕಿಯನ್ನು ಓಓಡಿ ಮೇಲೆ, ಅಂದರೆ ಶಾಲೆಯ ಹೊರಗಿನ ಕರ್ತವ್ಯವೆಂದು, ಕರೆಸಿಕೊಂಡು ಕೆಲಸ ಮುಗಿಸುತ್ತವೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಹೆಚ್ಚಿನ ಹಣ ಬರುವುದಿಲ್ಲ, ಆ ದಿನ ಮಕ್ಕಳ ಪಾಠವೂ ನಿಲ್ಲುತ್ತದೆ.

ನಾನೇ ಅನ್ಯಾಯ ಮಾಡಿದ ಒಂದು ಸಂಗತಿಯೂ ಇದೆ. ಆಲೂರು ಕಡೆಯ ವೃದ್ಧರೊಬ್ಬರು ಜಮೀನಿನ ವಿಚಾರದಲ್ಲಿ ಹೇಳಿಕೆ ಕೊಡಬೇಕಿತ್ತು. ಶಾಲೆಯ ಮುಖ ಕಾಣದವರು, ಮನೆಯವರಿಗೆ ಮಾತ್ರ ತಿಳಿಯುವ ಸನ್ನೆಗಳು ಅವರವು. ನನಗೆ ಅರ್ಧವೂ ಹತ್ತಲಿಲ್ಲ. ಅಣ್ಣ ಎಂದು ನಾನು ಕರೆಯುವ ಕಿವುಡ ಸ್ನೇಹಿತರೊಬ್ಬರನ್ನು ಕರೆತಂದೆ. ಅವರು ಅಭಿನಯಿಸಿ, ನೆಲದ ಮೇಲೆ ಗೆರೆ ಎಳೆದು, ಮತ್ತೆ ಮತ್ತೆ ಕೇಳಿ ವಿಷಯ ಹೊರಗೆ ತಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಐದು ಗಂಟೆ ಹಿಡಿಯಿತು. ವೋಚರ್ ಬಂದದ್ದು ನನ್ನ ಹೆಸರಿಗೆ ಮಾತ್ರ. "ಮಾತೇ ಬಾರದವರು ಅನುವಾದಕರು ಹೇಗಾಗುತ್ತಾರೆ?" ಎಂದು ಕೇಳಿದರು, ನಾನು ವಾದಿಸಲಿಲ್ಲ. ಹೊರಗೆ ಬಂದು ಅರ್ಧ ಹಣವನ್ನು ಅಣ್ಣನ ಕೈಗಿಡಲು ಹೋದೆ. ಅವರು ಹಿಂದಕ್ಕೆ ತಳ್ಳಿ, "ಇದು ನಿನ್ನ ಹಣ. ನನಗೆ ನನ್ನದು ಬೇಕು" ಎಂದು ಸಂಜ್ಞೆ ಮಾಡಿದರು.

ಅಂದಿನಿಂದ ನಮ್ಮಿಬ್ಬರ ಹೆಸರೂ ಒಂದೇ ಹಾಳೆಯಲ್ಲಿ, ಒಂದೇ ದರದಲ್ಲಿ ಹೋಗುತ್ತದೆ. ಸೆಪ್ಟೆಂಬರ್ 23ರ ಸಂಜ್ಞಾ ಭಾಷೆಗಳ ದಿನದ ಕಾರ್ಯಕ್ರಮಕ್ಕೂ ಹಾಗೆಯೇ ಕಳುಹಿಸಿದೆವು. ನನ್ನ ಹಣ ಖಾತೆಗೆ ಬಂತು. ಅಣ್ಣನ ಬಿಲ್ಲು ವಿದ್ಯಾರ್ಹತೆಯ ಪ್ರಶ್ನೆ ಹೊತ್ತು ಹಿಂದಕ್ಕೆ ಬಂದಿದೆ. ಸಂಜ್ಞಾ ಭಾಷಾ ಬೋಧನೆಯಲ್ಲಿ ಅವರು ಪಡೆದ ಡಿಪ್ಲೊಮಾದ ಪ್ರತಿ ಲಗತ್ತಿಸಿ ಎರಡನೇ ಪತ್ರ ಬರೆದಿದ್ದೇವೆ. ಸೋಮವಾರ ಬೆಳಿಗ್ಗೆ ಇಬ್ಬರೂ ಲೆಕ್ಕಪತ್ರ ಶಾಖೆಗೆ ಹೋಗುತ್ತೇವೆ. ಅಲ್ಲಿ ಮಾತಾಡುವವರು ಅಣ್ಣ, ನಾನು ಅನುವಾದಿಸುತ್ತೇನೆ.