ವ್ಯಾನಿನೊಳಗೆ ಗಾಲಿಕುರ್ಚಿ ಕಟ್ಟುವುದು ಹೇಗೆ?

ಹಳೆಯ ವ್ಯಾನಿಗೆ ರ‍್ಯಾಂಪ್ ಹಾಕಿಸಿ, ಅಜ್ಜಿಯನ್ನೋ ಅಣ್ಣನನ್ನೋ ಗಾಲಿಕುರ್ಚಿ ಸಮೇತ ಹತ್ತಿಸಿಕೊಂಡು ಹೋಗುವ ಮನೆಗಳಿವೆ. ಇಬ್ಬರು ಸೇರಿ ಎತ್ತಿ ಇಳಿಸುವ ಫಜೀತಿ ತಪ್ಪುತ್ತದೆ, ಒಳ್ಳೆಯದೇ. ಆದರೆ ರ‍್ಯಾಂಪಿಗೆ ದುಡ್ಡು ಸುರಿದವರು ಒಳಗೆ ಕುರ್ಚಿ ಕಟ್ಟಲು ನೈಲಾನ್ ಹಗ್ಗ ಹುಡುಕುವುದನ್ನು ನೋಡಿದ್ದೇನೆ. ಕೇಳಿದರೆ, ‘ಬ್ರೇಕ್ ಹಾಕಿದೆ ಸಾರ್, ಏನೂ ಆಗಲ್ಲ’ ಎನ್ನುತ್ತಾರೆ. ಆ ಬ್ರೇಕ್ ಹಿಡಿಯುವುದು ಚಕ್ರವನ್ನು ಮಾತ್ರ. ವ್ಯಾನ್ ಗಕ್ಕನೆ ನಿಂತರೆ ಕುರ್ಚಿ ಜಾರುತ್ತದೆ, ಇಲ್ಲವೇ ಮಗುಚುತ್ತದೆ.

ಇನ್ನೊಂದು ಮಾತು. ಕಾರಿನ ಸೀಟಿಗೆ ದಾಟಿ ಕೂರಬಲ್ಲವರು ಅಲ್ಲೇ ಕೂರಲಿ, ಅದೇ ಹೆಚ್ಚು ಸುರಕ್ಷಿತ. ಮುಂದಿನದೆಲ್ಲ ಹಾಗೆ ದಾಟಲಾಗದವರಿಗೆ.

1. ಅಳತೆ. ಕುರ್ಚಿಯಲ್ಲಿ ಕೂತವರ ನೆತ್ತಿಯಿಂದ ನೆಲದವರೆಗೆ ಟೇಪ್ ಹಿಡಿಯಿರಿ. ವ್ಯಾನಿನ ಹಿಂಬಾಗಿಲು ಮತ್ತು ಒಳಚಾವಣಿ ಅದಕ್ಕಿಂತ ಎತ್ತರವಿರಬೇಕು. ತಲೆ ಬಗ್ಗಿಸಿ ಕೂರಬೇಕಾದ ವ್ಯಾನ್ ಬೇಡ. ಚಾವಣಿ ಎತ್ತರವಿರುವ ಟಿಟಿಯೇ (ಟೆಂಪೋ ಟ್ರಾವೆಲರ್) ವಾಸಿ.

2. ಆರ್‌ಟಿಒ. ಗ್ಯಾರೇಜಿಗೆ ಬಿಡುವ ಮೊದಲೇ ಅನುಮತಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ವಿಮೆ ಕಂಪನಿಗೂ ಬರೆದು ತಿಳಿಸಿ.

3. ರ‍್ಯಾಂಪ್. ಕಟ್ಟಡಗಳಿಗೆ ಹೇಳುವ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ವ್ಯಾನಿನ ನೆಲ 50 ಸೆಂ.ಮೀ. ಎತ್ತರವಿದ್ದರೆ ಆ ಲೆಕ್ಕದಲ್ಲಿ ರ‍್ಯಾಂಪ್ 6 ಮೀಟರ್ ಆಗಬೇಕು, ಬೀದಿಯಲ್ಲಿ ಅಷ್ಟು ಜಾಗವೆಲ್ಲಿ? ತಳ್ಳುವವರು ಗಟ್ಟಿಯಾಗಿದ್ದರೆ 1:6, ಅಂದರೆ 3 ಮೀಟರ್. ಅದಕ್ಕಿಂತ ಕಡಿದಾಗಿ ಮಾಡಿಸಬೇಡಿ. ನುಣುಪು ಅಲ್ಯೂಮಿನಿಯಂ ಶೀಟು ಮಳೆಯಲ್ಲಿ ಜಾರುತ್ತದೆ. ಮೇಲ್ಮೈ ತರಿತರಿಯಾಗಿರಲಿ, ಎರಡೂ ಬದಿ ಅಂಚು ಎದ್ದಿರಲಿ.

4. ಕಟ್ಟುವುದು. ಗಡಿಬಿಡಿ ಮಾಡದೆ ಓದಿ.

ಕುರ್ಚಿ ಚಾಲಕನಂತೆ ಮುಂದಕ್ಕೇ ಮುಖ ಮಾಡಿರಬೇಕು, ಅಡ್ಡ ನಿಲ್ಲಿಸಲೇಬಾರದು. ನಾಲ್ಕು ಬೆಲ್ಟ್ ಬೇಕು: ಮುಂದೆ ಎರಡು, ಹಿಂದೆ ಎರಡು. ಲಾರಿಯ ಸರಕು ಕಟ್ಟುವ ರ‍್ಯಾಚೆಟ್ ಬೆಲ್ಟ್ ತೋರಿಸಿ ‘ಇದೂ ಅದೇ’ ಎನ್ನುವ ಅಂಗಡಿಯವನಿಗೆ ನಮಸ್ಕಾರ ಹೇಳಿ ಬನ್ನಿ. ಅದರ ತೆರೆದ ಕೊಕ್ಕೆ ಒಂದು ದೊಡ್ಡ ಹಂಪಿನಲ್ಲೇ ಕಳಚಿಕೊಳ್ಳಬಹುದು. ವಾಹನದಲ್ಲಿ ಗಾಲಿಕುರ್ಚಿ ಕಟ್ಟುವ ಬೆಲ್ಟಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10542, ಆ ಗುರುತಿರುವುದನ್ನೇ ಕೇಳಿ. ಅಂಥವನ್ನು ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಗೆ ಒಡ್ಡಿ ಪರೀಕ್ಷಿಸಿರುತ್ತಾರೆ. ಬೆಲೆ ಜಾಸ್ತಿಯೇ. ಸೀಟ್ ಕವರಿಗೆ, ಸ್ಟೀರಿಯೋಗೆ ಎತ್ತಿಟ್ಟಿದ್ದನ್ನು ಇಲ್ಲಿಗೆ ಹಾಕಿ.

ಬೆಲ್ಟಿನ ಬುಡ ನೆಲಕ್ಕೆ ಕೂರುವ ಜಾಗದಲ್ಲೇ ಗ್ಯಾರೇಜಿನವರು ಕೈಕೊಡುವುದು. ತೆಳು ತಗಡಿಗೆ ಸ್ಕ್ರೂ ಹೊಡೆದರೆ ಕಿತ್ತು ಬರುತ್ತದೆ. ಬೋಲ್ಟ್ ಆರುಪಾರು ಹೋಗಿ, ಅಡಿಯಲ್ಲಿ ದಪ್ಪ ಉಕ್ಕಿನ ಪ್ಲೇಟು ಕೂತು, ಸಾಧ್ಯವಾದಷ್ಟೂ ಚಾಸಿಗೇ ಸೇರಬೇಕು. ಬೋಲ್ಟಿನ ತಲೆಯ ಮೇಲೆ 8.8 ಎಂದಿದೆಯೇ ನೋಡಿ, ಅದು ಗಟ್ಟಿ ಉಕ್ಕಿನ ಬೋಲ್ಟಿನ ಗುರುತು. ಡ್ರಿಲ್ ಹಿಡಿಯುವ ಮೊದಲು ಬಗ್ಗಿ ಅಡಿ ನೋಡಲು ಹೇಳಿ, ಪೆಟ್ರೋಲ್ ಪೈಪೋ ಸಿಎನ್‌ಜಿ ಸಿಲಿಂಡರೋ ಅಲ್ಲೇ ಇರಬಹುದು.

ಕೊಕ್ಕೆ ಹಾಕುವುದು ಕುರ್ಚಿಯ ಬೆಸುಗೆ ಹಾಕಿದ ಫ್ರೇಮಿಗೆ. ಚಕ್ರ, ಕಾಲಿಡುವ ಹಲಗೆ, ಬಿಚ್ಚಿ ತೆಗೆಯುವ ಕೈಯಾಸರೆ, ಇವಕ್ಕೆ ಬೇಡವೇ ಬೇಡ. ಮುಂದಿನ ಬೆಲ್ಟುಗಳ ಬುಡ ಕುರ್ಚಿಗಿಂತ ತುಸು ಅಗಲಕ್ಕಿರಲಿ, ಹಿಂದಿನವು ನೇರ ಹಿಂದಕ್ಕೆ, ನೆಲದಿಂದ 30–45 ಡಿಗ್ರಿ ಓರೆಯಲ್ಲಿ ಬರಲಿ. ಮೊದಲು ಮುಂದಿನ ಎರಡು ಸಿಕ್ಕಿಸಿ, ಕುರ್ಚಿಯನ್ನು ಹಿಂದಕ್ಕೆಳೆದು ಬಿಗಿ ಮಾಡಿ. ಆಮೇಲೆ ಹಿಂದಿನವನ್ನು ಸಿಕ್ಕಿಸಿ ಬಿಗಿಯಿರಿ. ಬ್ರೇಕ್ ಹಾಕಿ, ಬ್ಯಾಟರಿ ಕುರ್ಚಿಯಾದರೆ ಸ್ವಿಚ್ ಆಫ್ ಮಾಡಿ. ಹಿಡಿಕೆ ಹಿಡಿದು ಜಗ್ಗಿ ಅಲ್ಲಾಡಿಸಿ. 5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ.

5. ಕೂತವರ ಬೆಲ್ಟ್. ಕುರ್ಚಿ ಕಟ್ಟಿದ ಮಾತ್ರಕ್ಕೆ ಮನುಷ್ಯರನ್ನು ಕಟ್ಟಿದ ಹಾಗಾಗಲಿಲ್ಲ. ಕುರ್ಚಿಯ ಜೊತೆ ಬಂದ ಸೊಂಟಪಟ್ಟಿ ನೆಟ್ಟಗೆ ಕೂರಲಷ್ಟೇ. ಅಪಘಾತಕ್ಕೆ ಅದು ಲೆಕ್ಕಕ್ಕಿಲ್ಲ. ವಾಹನಕ್ಕೇ ಜೋಡಿಸಿದ ಬೇರೆ ಬೆಲ್ಟ್ ಬೇಕು. ಅದು ಕೈಯಾಸರೆಯ ಮೇಲಿಂದಲ್ಲ, ಒಳಗಿಂದ ತೂರಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಇನ್ನೊಂದು ಪಟ್ಟಿ ಒಂದು ಹೆಗಲಿನ ಮಧ್ಯಭಾಗದ ಮೇಲೆ ಹಾಯಬೇಕು, ಕತ್ತಿಗೆ ತಾಗಕೂಡದು.

6. ಹೊರಟ ಮೇಲೆ. ನಮ್ಮ ರಸ್ತೆಗಳ ಹಂಪುಗಳಿಗೆ ಬೆಲ್ಟ್ ಸಡಿಲವಾಗುವುದುಂಟು. ಚಹಾಕ್ಕೆ ನಿಲ್ಲಿಸಿದಾಗ ನಾಲ್ಕನ್ನೂ ಮುಟ್ಟಿ ನೋಡಿ. ಇಳಿಸುವಾಗ ವ್ಯಾನಿನ ಕೈಬ್ರೇಕ್ ಹಾಕಿ, ಕುರ್ಚಿಯನ್ನು ಬೆನ್ನು ಮುಂದಾಗಿ, ನಿಧಾನಕ್ಕೆ ಇಳಿಸಿ. ಹಿಡಿದವರು ರ‍್ಯಾಂಪಿನ ಕೆಳಬದಿಗೇ ನಿಂತಿರಬೇಕು. ಭಾರದ ಬ್ಯಾಟರಿ ಕುರ್ಚಿಗೆ ಒಬ್ಬರು ಸಾಲದು, ಇನ್ನೊಬ್ಬರನ್ನು ಕರೆಯಿರಿ.